ಸಹಾಯ ಬೇಕು: ಗ್ರೇಟಿಂಗ್‌ನಿಂದ 397 ನ್ಯಾನೋಮೀಟರ್ ಬೆಳಕು ಬಿಟ್ಟ ಕೂಡಲೇ ಅಯಾನ್ ಜರುಗುತ್ತಿದೆ

ಸರ್ಫೇಸ್ ಟ್ರ್ಯಾಪ್ (ಚಿಪ್ ಮೇಲಿನ ಎಲೆಕ್ಟ್ರೋಡ್‌ಗಳಿಂದ ಅಯಾನನ್ನು ಹಿಡಿದಿಡುವ ಸಾಧನ), ಕ್ಯಾಲ್ಸಿಯಂ-40 ಅಯಾನ್, ಚಿಪ್‌ನಿಂದ 50 ಮೈಕ್ರಾನ್ ಎತ್ತರದಲ್ಲಿದೆ. ಚಿಪ್ಪಿನೊಳಗಿನ ವೇವ್‌ಗೈಡ್‌ನಿಂದ (ಬೆಳಕು ಸಾಗಿಸುವ ದಾರಿ), ಬೆಳಕನ್ನು ಅಯಾನ್ ಕಡೆ ಮೇಲಕ್ಕೆ ತಿರುಗಿಸುವ ಗ್ರೇಟಿಂಗ್ ಮೂಲಕ 729 ನ್ಯಾನೋಮೀಟರ್ ಬೆಳಕು ಬಿಟ್ಟರೆ ತೊಂದರೆಯಿಲ್ಲ. 397 ಬಿಟ್ಟರೆ ಮಾತ್ರ ಅಯಾನ್ ನಿಧಾನಕ್ಕೆ ಸರಿದು ಮೈಕ್ರೋಮೋಷನ್ (ಟ್ರ್ಯಾಪ್‌ನ ಆರ್‌ಎಫ್ ಕ್ಷೇತ್ರದಿಂದಾಗುವ ಅಯಾನಿನ ನಡುಕ) ಏರುತ್ತದೆ. ಆರಿಸಿದ ಮೇಲೂ ಹಳೇ ಜಾಗಕ್ಕೆ ಬರಲು ಹತ್ತಾರು ನಿಮಿಷ ಬೇಕು.

ಅದೇ 397 ಅನ್ನು ಹೊರಗಿನಿಂದ, ಚಿಪ್ಪಿಗೆ ಸಮಾನಾಂತರವಾಗಿ ಬಿಟ್ಟು ನೋಡಿದ್ದಾಯ್ತು, ಜರುಗಲಿಲ್ಲ. ಪವರ್ ಅರ್ಧ ಮಾಡಿದರೆ ಜರುಗುವ ವೇಗ ತಗ್ಗುತ್ತದೆ ಅಷ್ಟೇ. ಅಯಾನನ್ನು ಹಳೇ ಜಾಗಕ್ಕೆ ತರಲು ಡಿಸಿ ವೋಲ್ಟೇಜ್ ತಿದ್ದಿ ತಿದ್ದಿ ಸಾಕಾಗಿದೆ.

ಚಿಪ್ಪಿನ ಸಿಲಿಕಾನ್‌ನ ಫೋಟೋಕಂಡಕ್ಟಿವಿಟಿ (ಬೆಳಕು ಬಿದ್ದಾಗ ವಿದ್ಯುತ್ ಹರಿವು ಹೆಚ್ಚುವುದು) ಕಾರಣವಾಗಿದ್ದರೆ ಇಷ್ಟು ಹೊತ್ತು ಉಳಿಯುತ್ತಿರಲಿಲ್ಲ. ಅನುಮಾನ ಗ್ರೇಟಿಂಗ್ ಮೇಲಿನ ತೆರೆದ ಆಕ್ಸೈಡ್ ಕಿಟಕಿಯ ಮೇಲೆ: 397 ಬಿದ್ದು ಅಲ್ಲಿ ಚಾರ್ಜ್ ಕೂಡುತ್ತಿರಬೇಕು. ಅದಕ್ಕೆ ಐಟಿಒ (ಇಂಡಿಯಂ ಟಿನ್ ಆಕ್ಸೈಡ್, ವಿದ್ಯುತ್ ಹರಿಸುವ ಪಾರದರ್ಶಕ ವಸ್ತು) ಪದರ ಹಾಕಿ ಗ್ರೌಂಡ್ ಮಾಡುವ ಯೋಚನೆಯಿದೆ. ದಪ್ಪವಾದರೆ 397 ಅನ್ನು ಅದೇ ನುಂಗುತ್ತದೆ, ತೆಳುವಾದರೆ ಕಿಟಕಿಯ ಅಂಚಿನ ಮೆಟ್ಟಿಲಲ್ಲಿ ಪದರ ತುಂಡಾಗಿ ಗ್ರೌಂಡ್ ತಪ್ಪುತ್ತದೆ.

397ಕ್ಕೆ ಐಟಿಒ ಹಾಕಿದವರು ಎಷ್ಟು ನ್ಯಾನೋಮೀಟರ್ ದಪ್ಪ ಇಟ್ಟಿರಿ, ಜರುಗುವುದು ಪೂರ್ತಿ ನಿಂತಿತೇ?