ಸಹಾಯ ಬೇಕು: ಇಯರ್‌ಫೋನ್ ಹಾಕದಿದ್ದರೂ ಫೋನಲ್ಲಿ ಹೆಡ್‌ಫೋನ್ ಗುರುತು

ಎಲ್ಲರಿಗೂ ನಮಸ್ಕಾರ. 3.5 ಎಂಎಂ ಜ್ಯಾಕ್ ಇರುವ ಆಂಡ್ರಾಯ್ಡ್ ಫೋನ್. ಏನೂ ಸಿಕ್ಕಿಸದಿದ್ದರೂ ಮೇಲುಗಡೆ ಹೆಡ್‌ಫೋನ್ ಗುರುತು ಹೋಗುತ್ತಿಲ್ಲ. ಹಾಡು ಕೇಳಿಸುವುದಿಲ್ಲ, ಕರೆಯಲ್ಲಿ ಸ್ಪೀಕರ್ ಒತ್ತಿದರೆ ಮಾತ್ರ ದನಿ.

ಸೇಫ್ ಮೋಡ್‌ನಲ್ಲೂ (ನಾವು ಹಾಕಿಕೊಂಡ ಆ್ಯಪ್‌ಗಳಿಲ್ಲದೆ ಫೋನ್ ಓಡುವ ಸ್ಥಿತಿ) ಹಾಗೇ ಇದೆ, ಹಾಗಾಗಿ ಆ್ಯಪ್ ಕಾಟವಲ್ಲ. ಫೋನ್ ಆಫ್ ಮಾಡಿ, ಟಾರ್ಚ್ ಹಿಡಿದು ಮರದ ಹಲ್ಲುಕಡ್ಡಿಯಿಂದ ಜ್ಯಾಕ್ ಕೆದಕಿದಾಗ ಜೇಬಿನ ನೂಲುಧೂಳಿನ ಗಟ್ಟಿ ಉಂಡೆ ಬಂತು. 99% ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒಣಗಿಸಿದ್ದಾಯಿತು. ಎರಡು ದಿನ ಸರಿಯಿತ್ತು, ಮಳೆಯಲ್ಲಿ ನೆನೆದ ಮೇಲೆ ಮತ್ತೆ ಶುರು.

ಜ್ಯಾಕ್ ಕೂತಿರುವ ಕೆಳಗಿನ ಚಾರ್ಜಿಂಗ್ ಬೋರ್ಡಿನ ಫ್ಲೆಕ್ಸ್ (ಮದರ್‌ಬೋರ್ಡಿಗೆ ಜೋಡಿಸುವ ಪಟ್ಟಿ ತಂತಿ) ಕಳಚಿದರೆ ಗುರುತು ಮಾಯ. ಅಂದರೆ ಮದರ್‌ಬೋರ್ಡ್ ಚೆನ್ನಾಗಿದೆ, ದೋಷ ಜ್ಯಾಕಿರುವ ಬೋರ್ಡಿನ ಕಡೆಯೇ. ಪ್ಲಗ್ ಇಲ್ಲದಾಗ ಈ ಜ್ಯಾಕಿನ ಡಿಟೆಕ್ಟ್ ಕಾಲು (ಪ್ಲಗ್ ಸಿಕ್ಕಿಸಿದ್ದನ್ನು ಫೋನಿಗೆ ತಿಳಿಸುವ ಪಿನ್) ಎಡ ಚಾನೆಲ್ ಕಾಲಿಗೆ ತಾಗಬಾರದು. ಇಲ್ಲಿ ಮಲ್ಟಿಮೀಟರ್ 2ರಿಂದ 6 ಕಿಲೋಓಮ್ ತೋರಿಸುತ್ತಾ ಓಲಾಡುತ್ತಿದೆ. ಸ್ಪ್ರಿಂಗ್ ಬಾಗಿ ನೇರ ತಾಗಿದ್ದರೆ ಸೊನ್ನೆಯ ಹತ್ತಿರ ನಿಲ್ಲುತ್ತಿತ್ತು, ಇದು ಹಸಿರು ಕಿಲುಬಿನ ಸೋರಿಕೆಯಂತಿದೆ. ಕಾಲಿನ ಬುಡದಲ್ಲಿ ಕಿಲುಬು ಕಾಣುತ್ತಿದೆ ಕೂಡ.

ಡಿಟೆಕ್ಟ್ ಕಾಲು ಎತ್ತಿಬಿಟ್ಟರೆ ಸ್ಪೀಕರ್ ಸರಿಹೋಗುತ್ತದೆ, ಆದರೆ ಜ್ಯಾಕ್ ಸತ್ತಂತೆ. ಎಫ್‌ಎಂಗೆ ಇಯರ್‌ಫೋನ್ ತಂತಿಯೇ ಆಂಟೆನಾ, ಆದ್ದರಿಂದ ಜ್ಯಾಕ್ ಬೇಕೇ ಬೇಕು. ಸ್ಪೀಕರಿಗೆ ತಿರುಗಿಸುವ ಆ್ಯಪ್‌ಗಳು ತಾತ್ಕಾಲಿಕ, ಅವು ಬೇಡ.

ರಿಪೇರಿ ಮಾಡುವವರು ತಿಳಿಸಿ: ಪಕ್ಕದ ಮೈಕ್ ಕರಗದಂತೆ ಜ್ಯಾಕ್ ಬಿಚ್ಚಲು ಹಾಟ್ ಏರ್ (ಬೆಸುಗೆ ಕರಗಿಸುವ ಬಿಸಿಗಾಳಿ ಯಂತ್ರ) ಎಷ್ಟು ಡಿಗ್ರಿ ಇಡುತ್ತೀರಿ? ಮೈಕಿಗೆ ಕ್ಯಾಪ್ಟಾನ್ ಟೇಪ್ (ಶಾಖ ತಡೆಯುವ ಟೇಪ್) ಸಾಕೇ? ಅಥವಾ ಇಡೀ ಚಾರ್ಜಿಂಗ್ ಬೋರ್ಡ್ ಬದಲಿಸುವುದೇ ಒಳ್ಳೆಯದೇ?