ವ್ಯಾಯಾಮದ ಅಧ್ಯಯನಕ್ಕೆ ಸಕ್ಕರೆ ಕಾಯಿಲೆ ಇರುವವರು ಬರುತ್ತಿಲ್ಲ, ಏನು ಮಾಡಲಿ?

ಫಿಸಿಯೋ ಪಿಜಿ ವಿದ್ಯಾರ್ಥಿನಿ:
ನಮಸ್ಕಾರ. ಮಂಡ್ಯ ಜಿಲ್ಲೆಯ ಮೂರು ಹಳ್ಳಿಗಳಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಇರುವವರಿಗೆ 12 ವಾರ ನಡಿಗೆ ಮತ್ತು ಕೈಕಾಲಿಗೆ ಬಲ ಬರುವ ವ್ಯಾಯಾಮ ಮಾಡಿಸಿ, ಏನು ಬದಲಾಗುತ್ತದೆ ಅಂತ ನೋಡುವುದು ನನ್ನ ಅಧ್ಯಯನ. 60 ಜನ ಬೇಕು. ಎರಡು ತಿಂಗಳಾಯ್ತು, ಸೇರಿದ್ದು 9 ಜನ. ಪಂಚಾಯ್ತಿ ಗೋಡೆಗೆ ಪೋಸ್ಟರ್ ಅಂಟಿಸಿದೆ, ಆರೋಗ್ಯ ಕೇಂದ್ರದ ಪಟ್ಟಿ ನೋಡಿ ಫೋನ್ ಕೂಡ ಮಾಡಿದೆ. ಒಬ್ಬರು ಅಜ್ಜಿ, "ದಿನಾ ಗದ್ದೆಲಿ ಬಗ್ಗಿ ಎದ್ದು ಸಾಕಾಗೈತೆ, ಇನ್ನು ನಿನ್ ವ್ಯಾಯಾಮ ಬೇರೆ ಯಾಕವ್ವಾ" ಅಂದ್ರು. ನನಗೆ ಉತ್ತರ ಹೊಳೆಯಲಿಲ್ಲ. ಯಾರಾದರೂ ಈ ಕೆಲಸ ಮಾಡಿದ್ದರೆ ಹೇಳಿ.

ಆಶಾ ಕಾರ್ಯಕರ್ತೆ:
ಮೊದಲನೆಯದು, ಪಟ್ಟಿ ನೋಡಿ ನೇರವಾಗಿ ಫೋನ್ ಮಾಡಬೇಡಮ್ಮಾ. ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಸಕ್ಕರೆ ಇರೋದನ್ನ ಮನೆಯಲ್ಲೇ ಹೇಳಿರಲ್ಲ, ಗೊತ್ತಿಲ್ಲದವರು ಫೋನ್ ಮಾಡಿ "ನಿಮಗೆ ಶುಗರ್ ಇದೆಯಂತೆ" ಅಂದ್ರೆ ಹೆದರುತ್ತಾರೆ, ನಮ್ಮ ಮೇಲಿನ ನಂಬಿಕೆನೂ ಹೋಗುತ್ತೆ. 30 ದಾಟಿದವರ ಮನೆಗೆ ಹೋಗಿ ಬಿಪಿ, ಸಕ್ಕರೆ ಬಗ್ಗೆ ಕೇಳಿ ಫಾರಂ ತುಂಬೋರು ನಾವೇ. ನಾವು ಮೊದಲು ಕೇಳ್ತೀವಿ, ಒಪ್ಪಿದವರನ್ನ ನೀನು ಮಾತಾಡಿಸು. ಆದ್ರೆ ನಮ್ಮ ಮೇಲೆ ಈಗಲೇ ಕೆಲಸ ಜಾಸ್ತಿ, ಈ ಓಡಾಟಕ್ಕೆ ನಿನ್ನ ಅಧ್ಯಯನದ ದುಡ್ಡಿನಲ್ಲಿ ಏನಾದರೂ ಎತ್ತಿಡು.

ಪೋಸ್ಟರ್ ಯಾರೂ ಓದಲ್ಲ. ಬೆಳಿಗ್ಗೆ ಹಾಲಿನ ಡೇರಿ ಹತ್ತಿರ ಬಾ, ಸ್ತ್ರೀಶಕ್ತಿ ಸಂಘದ ಮೀಟಿಂಗ್‌ಗೆ ಬಾ. ಮೊದಲ ದಿನ ಫಾರಂ ತರಬೇಡ, ಸುಮ್ನೆ ಕೂತು ಕೇಳು.

15 ವರ್ಷದಿಂದ ಶುಗರ್ ಇದೆ:
ನಾನು ಹಿಂದೆ ಒಂದು ಅಧ್ಯಯನಕ್ಕೆ ಸೇರಿದ್ದೆ. ರಕ್ತ ತಗೊಂಡ್ರು, ಆರು ತಿಂಗಳು ಓಡಾಡಿಸಿದ್ರು, ಆಮೇಲೆ ನನ್ನ ರಿಪೋರ್ಟ್ ಏನು ಅಂತ ಒಬ್ಬರೂ ಬಂದು ಹೇಳಲಿಲ್ಲ. ಅದು ಇವತ್ತಿಗೂ ನೋವು. ನಿಮ್ಮ ಊರುಗಳಲ್ಲೂ ಇಂಥದ್ದು ನಡೆದಿದೆಯಾ ಕೇಳಿ ನೋಡಿ.

ಇನ್ನೊಂದು ವಿಷಯ. ನನಗೆ ಪಾದದಲ್ಲಿ ಸ್ಪರ್ಶ ಕಮ್ಮಿ, ಚಪ್ಪಲಿ ಕಚ್ಚಿ ಗಾಯವಾದರೂ ಗೊತ್ತಾಗಲ್ಲ. ಇನ್ಸುಲಿನ್ ತಗೊಳ್ಳೋರು ನಡೆಯುವಾಗ ಸಕ್ಕರೆ ಇಳಿದು ಬೆವರಿ ತಲೆ ಸುತ್ತಿ ಬೀಳಬಹುದು. ಪಾದ ನೋಡ್ತೀರಾ, ಕೈಯಲ್ಲಿ ಗ್ಲೂಕೋಸ್ ಇರುತ್ತಾ, ಬಿದ್ದರೆ ಯಾರು ನೋಡ್ಕೋತಾರೆ? ಇದನ್ನ ಮೊದಲೇ ಹೇಳಿದರೆ ನಮಗೆ ಧೈರ್ಯ ಬರುತ್ತೆ.

ಸಮುದಾಯ ಆರೋಗ್ಯದಲ್ಲಿ ಕೆಲಸ:
ಮೇಲಿನ ಇಬ್ಬರದೂ ಸರಿ. ತಿರುವನಂತಪುರ ಜಿಲ್ಲೆಯಲ್ಲಿ ಮಧುಮೇಹ ತಡೆಯುವ ದೊಡ್ಡ ಅಧ್ಯಯನ ನಡೆದಿತ್ತು. ಮತಗಟ್ಟೆ ವ್ಯಾಪ್ತಿಯ 60 ಪ್ರದೇಶ ಆರಿಸಿ, ಮನೆಮನೆಗೆ ಹೋಗಿ 1,007 ಜನರನ್ನು ಸೇರಿಸಿದ್ದರು. ಸೇರಿದವರ ಗುಂಪುಗಳನ್ನು ನಡೆಸಿದ್ದು ಡಾಕ್ಟರಲ್ಲ, ತರಬೇತಿ ಪಡೆದ ಅಲ್ಲಿನ ಜನರೇ. ಹೊಸದಾಗಿ ಮಧುಮೇಹ ಬರುವುದು ಎದ್ದು ಕಾಣುವಷ್ಟು ಕಮ್ಮಿಯಾಗಲಿಲ್ಲ, ನಿಜ, ಆದರೆ ಎರಡು ವರ್ಷದ ಕೊನೆಗೂ ಬಹುತೇಕ ಎಲ್ಲರೂ ಉಳಿದಿದ್ದರು. ಅದು ನಿಮಗೆ ಮುಖ್ಯ ಅಲ್ವಾ?

ಅಜ್ಜಿಗೆ ಉತ್ತರ ನೀವು ಕೊಡಬೇಕಿಲ್ಲ, ಅವರನ್ನೇ ಕೇಳಿ. ಗದ್ದೆ ಕೆಲಸವೂ ಮೈ ದುಡಿತವೇ, ಮೊದಲು ಅದನ್ನು ಲೆಕ್ಕಕ್ಕೆ ತಗೊಳ್ಳಿ. ಆಮೇಲೆ, ಕೆಲಸ ಇಲ್ಲದ ತಿಂಗಳು ಏನು ಮಾಡ್ತೀರಿ, ಯಾವ ಹೊತ್ತು ಬಿಡುವು, ಮಂಡಿ ನೋವಿದ್ದರೆ ಕೂತು ಮಾಡುವಂಥದ್ದು ಬೇಕಾ ಅಂತ ಕೇಳಿ. ಊರಿನ ನಾಲ್ಕೈದು ಜನರನ್ನು ಕೂರಿಸಿಕೊಂಡು ವ್ಯಾಯಾಮವನ್ನೇ ತಿದ್ದಿ. ತಿದ್ದಿದರೆ ಎಥಿಕ್ಸ್ ಕಮಿಟಿಗೆ (ಸೇರಿದವರಿಗೆ ಅನ್ಯಾಯ, ತೊಂದರೆ ಆಗದಂತೆ ಅಧ್ಯಯನವನ್ನು ಪರಿಶೀಲಿಸುವ ಸಮಿತಿ) ಮತ್ತೆ ಕಳಿಸಲೇಬೇಕು, ಒಂದು ತಿಂಗಳು ಹೋದರೂ ಹೋಗಲಿ.

ಕೂಲಿ ಬಿಟ್ಟು ಬರುವವರಿಗೆ ಬಸ್ ಚಾರ್ಜು, ಆ ದಿನದ ಕೂಲಿ ಕೊಡಬಹುದು, ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲೇ ಅವಕಾಶ ಇದೆ. ಓದು ಬರದವರು ಹೆಬ್ಬೆಟ್ಟು ಒತ್ತುವಾಗ ನಿಮ್ಮ ತಂಡಕ್ಕೆ ಸೇರದ ಸಾಕ್ಷಿ ಒಬ್ಬರು ಪಕ್ಕದಲ್ಲಿರಬೇಕು.

ಫಿಸಿಯೋ ಪಿಜಿ ವಿದ್ಯಾರ್ಥಿನಿ:
ಪಟ್ಟಿಯ ವಿಷಯ ನನಗೆ ಹೊಳೆದೇ ಇರಲಿಲ್ಲ, ತಪ್ಪಾಯ್ತು. ಫೋನ್ ಮಾಡಿದವರ ಹತ್ತಿರ ಆಶಾ ಅಕ್ಕನ ಜೊತೆ ಹೋಗಿ ಕ್ಷಮೆ ಕೇಳ್ತೀನಿ. ಈ ಗುರುವಾರ ಸಂಘದ ಮೀಟಿಂಗ್ ಇದೆ, ಫಾರಂ ಇಲ್ಲದೆ ಹೋಗ್ತೀನಿ. ಹೋಲಿಸಿ ನೋಡಲು ವ್ಯಾಯಾಮ ಮಾಡಿಸದೆ ಇಡುವ ಗುಂಪಿನವರಿಗೆ 12 ವಾರ ಆದಮೇಲೆ ಅದನ್ನೇ ಕಲಿಸಿಕೊಡುವುದು ಅಂತ ಗೈಡ್ ಹತ್ತಿರ ಮಾತಾಡಿದೆ, ಒಪ್ಪಿದ್ದಾರೆ. 15 ವರ್ಷದಿಂದ ಶುಗರ್ ಇದೆ ಅಂದವರೇ, ನನ್ನ ಒಪ್ಪಿಗೆ ಪತ್ರವನ್ನ ಒಮ್ಮೆ ಓದಿ ಎಲ್ಲಿ ಅರ್ಥ ಆಗಲಿಲ್ಲ ಅಂತ ಹೇಳ್ತೀರಾ?

15 ವರ್ಷದಿಂದ ಶುಗರ್ ಇದೆ:
ಕಳಿಸಿ. ನನ್ನ ಹೆಂಡತಿಗೂ ಬಿಪಿ ಇದೆ, ಅವಳ ಕೈಲೂ ಓದಿಸ್ತೀನಿ.