ಸಹಾಯ ಬೇಕು: ವೆಬ್‌ಸೈಟಿನ ಹೊಸ ಆವೃತ್ತಿ ಹಾಕಿದರೂ ಕೆಲವರಿಗೆ ಹಳೆಯ ಪುಟವೇ ಕಾಣುತ್ತಿದೆ

ನಮಸ್ಕಾರ. ಸರ್ವರ್ ಎಂಜಿನ್‌ಎಕ್ಸ್. ಸಿಡಿಎನ್ (ಪುಟದ ಪ್ರತಿ ಇಟ್ಟುಕೊಂಡು ಹಂಚುವ ಸರ್ವರುಗಳ ಜಾಲ), ಸರ್ವಿಸ್ ವರ್ಕರ್ (ಬ್ರೌಸರಿನ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ಎರಡೂ ಇಲ್ಲ. ಸಿಎಸ್‌ಎಸ್, ಜೆಎಸ್ ಫೈಲುಗಳ ಹೆಸರಿನಲ್ಲೇ ಹ್ಯಾಶ್ (ಒಳಗಿನದು ಬದಲಾದರೆ ತಾನೂ ಬದಲಾಗುವ ಗುರುತು) ಇದೆ, ಅವಕ್ಕೆ ಮ್ಯಾಕ್ಸ್-ಏಜ್ (ಬ್ರೌಸರ್ ತನ್ನಲ್ಲಿರುವ ಪ್ರತಿಯನ್ನೇ ಬಳಸಬಹುದಾದ ಅವಧಿ) 31536000 ಸೆಕೆಂಡ್, ಅಂದರೆ ಒಂದು ವರ್ಷ. ಅದರಲ್ಲಿ ತೊಂದರೆಯಿಲ್ಲ. ಎಡವಟ್ಟಾಗಿರುವುದು ಮುಖ್ಯ ಎಚ್‌ಟಿಎಂಎಲ್‌ನಲ್ಲಿ: ಅದಕ್ಕೂ ಅದೇ ಒಂದು ವರ್ಷದ ಹೆಡರ್ (ಉತ್ತರದ ಜೊತೆ ಸರ್ವರ್ ಕಳಿಸುವ ಸೂಚನೆ) ಹೋಗಿಬಿಟ್ಟಿತ್ತು. ಈಗ ನೋ-ಕ್ಯಾಶ್ (ಪ್ರತಿ ಬಾರಿ ಸರ್ವರನ್ನು ಕೇಳಿಯೇ ಬಳಸಬೇಕು) ಮಾಡಿದ್ದೇವೆ, ಹೊಸಬರಿಗೆ ಸರಿಯಾಗಿದೆ. ಆದರೆ ಮೊದಲೇ ಬಂದುಹೋದವರ ಬ್ರೌಸರ್ ಸರ್ವರನ್ನು ಕೇಳುವುದೇ ಇಲ್ಲ, ಹೊಸ ಹೆಡರ್ ತಲುಪುವುದೆಲ್ಲಿಂದ? ರೀಲೋಡ್ ಒತ್ತಿದರೆ ಸರಿಹೋಗುತ್ತದೆ, ಅದನ್ನು ಪ್ರತಿಯೊಬ್ಬರಿಗೂ ಹೇಳಲಾಗದು.

ಹಳೆಯ ಪುಟ ತೆರೆದಾಗಲೂ ಅದೇ ಡೊಮೇನಿನ ಎಪಿಐಗೆ (ಪುಟಕ್ಕೆ ಮಾಹಿತಿ ಕೊಡುವ ಸರ್ವರ್ ವಿಳಾಸಕ್ಕೆ) ಕರೆ ಹೋಗುತ್ತದೆ. ಅದರ ಉತ್ತರದಲ್ಲಿ ಕ್ಲಿಯರ್-ಸೈಟ್-ಡೇಟಾ: "ಕ್ಯಾಶ್" (ಉಳಿಸಿಕೊಂಡ ಪ್ರತಿಗಳನ್ನು ಅಳಿಸು ಎಂದು ಬ್ರೌಸರಿಗೆ ಹೇಳುವ ಹೆಡರ್) ಕಳಿಸಿದರೆ ಸಾಕೇ? ಕ್ರೋಮ್‌ನಲ್ಲಿ ಪುಟ ನಿಧಾನವಾಗುತ್ತದೆಯೇ? ಕುಕೀ ನೋಡಿ ಒಬ್ಬರಿಗೆ ಒಮ್ಮೆ ಮಾತ್ರ ಕಳಿಸುವ ಯೋಚನೆಯಿದೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಹಳೆಯ ಹ್ಯಾಶ್ ಫೈಲುಗಳನ್ನು ಅಳಿಸಿಲ್ಲ. ಅಳಿಸಿದರೆ ಹಳೆಯ ಪುಟಕ್ಕೆ 404 (ಫೈಲ್ ಸಿಗಲಿಲ್ಲ ಎಂಬ ಉತ್ತರ) ಬಂದು ಪರದೆ ಖಾಲಿಯಾಗುವ ಅಪಾಯವಿದೆ.